ಪಕ್ಕದ ಕೋರ್ಟಿನ ಸಾಹೇಬರು

ನ್ಯಾಯಾಧೀಶ ವಿರೂಪಾಕ್ಷಯ್ಯನವರಿಗೆ ಪಕ್ಕದ ಕೋರ್ಟಿನ ಜಯತೀರ್ಥರನ್ನು ಕಂಡರೆ ಹೊಟ್ಟೆಯುರಿ. ಜಯತೀರ್ಥರ ತೀರ್ಪುಗಳು ಮೇಲಿನ ಕೋರ್ಟಿನಲ್ಲಿ ನಿಲ್ಲುತ್ತಿದ್ದವು. ಇವರವು ಮರುವಿಚಾರಣೆಗೆಂದು ವಾಪಸ್ಸು ಬರುತ್ತಿದ್ದವು. ಅವತ್ತು ಮೂರನೆಯದೂ ಬಂತು.

ಗುಮಾಸ್ತನನ್ನು ಕರೆದು ಗದರಿದರು: "ಎಲ್ಲಾ ನಿನ್ನ ಕಾಗುಣಿತದ ತಪ್ಪಿನಿಂದ! ಇನ್ನೊಂದು ವಾಪಸ್ ಬಂದ್ರೆ ನಿನ್ನನ್ನ ಎತ್ತಂಗಡಿ ಮಾಡಿಸ್ತೀನಿ."

ಕಾಗುಣಿತದ ತಪ್ಪನ್ನು ಮೇಲಿನವರು ಕ್ಷಮಿಸುತ್ತಾರೆ, ಆರೋಪಿಯ ಸಾಕ್ಷಿಯನ್ನು ಕೇಳದೆ ಕಳಿಸಿದ್ದನ್ನು ಕ್ಷಮಿಸುವುದಿಲ್ಲ. ಗುಮಾಸ್ತನಿಗೆ ಅದು ಗೊತ್ತಿತ್ತು. ಆದರೆ ಸಾಹೇಬರಿಗೆ ಹೇಳುವುದು ಹೇಗೆ?

"ಆಗಲಿ ಸ್ವಾಮಿ," ಎಂದ. "ಆದ್ರೆ ಪಕ್ಕದ ಸಾಹೇಬರ ಮಾತು ಕೇಳಿ ಬೇಜಾರಾಯ್ತು. ಆರೋಪಿ ಕಡೆ ಸಾಕ್ಷೀನ ಕೊನೇತನಕ ಕೇಳೋ ತಾಳ್ಮೆ ಈ ಊರಲ್ಲಿ ಅವರೊಬ್ಬರಿಗೇ ಇರೋದಂತೆ."

ವಿರೂಪಾಕ್ಷಯ್ಯನವರ ಮುಖ ಕೆಂಪಾಯಿತು. ಅಂದು ಸೈಕಲ್ ಕದ್ದ ಆರೋಪ ಹೊತ್ತ ಹೂವಾಡಿಗನ ಪರವಾಗಿ ಒಬ್ಬ ಮುದುಕಿ ಬಂದಿದ್ದಳು. ಅವಳ ಮಾತನ್ನು ಸಂಜೆ ಐದರವರೆಗೆ ಕೇಳಿದರು. ತನ್ನ ಮನೆಯ ಸೈಕಲ್ಲನ್ನು ಅವನಿಗೆ ಕೊಟ್ಟವಳೇ ಅವಳು! ಹೂವಾಡಿಗ ಬಿಡುಗಡೆಯಾದ. ದೂರು ಕೊಟ್ಟಿದ್ದ ಮುದುಕಿಯ ಮಗ ಮೇಲ್ಮನವಿ ಹಾಕಿದ. ಕೆಲವು ತಿಂಗಳ ನಂತರ ಮೇಲಿನ ಕೋರ್ಟಿನಲ್ಲೂ ತೀರ್ಪು ಅಲುಗಾಡಲಿಲ್ಲ.

"ಈಗ ಏನಂತಾನೆ ಆ ಜಯತೀರ್ಥ?" ಎಂದರು ವಿರೂಪಾಕ್ಷಯ್ಯ, ಹಿಗ್ಗಿ.

"ಒಂದು ಸಲ ಯಾರು ಬೇಕಾದ್ರೂ ಕೇಳ್ತಾರೆ, ಎರಡನೇ ಸಲ ನೋಡೋಣ ಅಂತಾರೆ ಸ್ವಾಮಿ."

"ಹಾಗಂದನಾ? ನಾಳೆ ಸಾಕ್ಷಿಗಳನ್ನೆಲ್ಲಾ ಬರಹೇಳು, ಒಬ್ಬರನ್ನೂ ಬಿಡಬೇಡ!"