ಐದನೆಯ ಕೊಂಡಿ

ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯೊಂದರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಕೆಲಸ ನಿಂತದ್ದರಿಂದ ಬಂಡಿ ಎಳೆಯುವ ಹೇಸರಗತ್ತೆಗಳನ್ನೂ ಮೇಲಕ್ಕೆ ತಂದು ಬಯಲಿಗೆ ಬಿಟ್ಟರು. ಏಳು ವರ್ಷಗಳ ಮೇಲೆ ಆಕಾಶ ಕಂಡ ಮುದಿ ಹೇಸರಗತ್ತೆಯೊಂದು, ಇದು ಕನಸಾಗಿದ್ದು ಜೋರಾಗಿ ನಡೆದರೆ ಎಲ್ಲಿ ಎಚ್ಚರವಾಗಿಬಿಡುತ್ತದೋ ಎಂದು ಮೆಲ್ಲಮೆಲ್ಲಗೆ ಹೆಜ್ಜೆಯಿಡುತ್ತಿತ್ತು.

ಬೇಲಿಯಾಚೆಯಿಂದ ಮ್ಯಾನೇಜರನ ಕುದುರೆ ಕೇಳಿತು: "ಈ ಹಟವನ್ನು ನಿಮ್ಮ ಗಣಿಯವರಿಗೆ ಕಲಿಸಿದವರು ಯಾರು?"

"ನಾವೇ ಇರಬೇಕು. ನಾನು ಎಳೆಯುವುದು ನಾಲ್ಕು ಬಂಡಿ. ಕತ್ತಲಲ್ಲಿ ಒಂದೊಂದು ಬಂಡಿ ಜೋಡಿಸುವಾಗಲೂ ಕೊಂಡಿ ಬೀಳುವ ಸದ್ದನ್ನು ಎಣಿಸುತ್ತೇನೆ. ಐದನೆಯದು ಬಿದ್ದರೆ ಕಾಲೆತ್ತುವುದಿಲ್ಲ."

"ಹೊಡೆಯುವುದಿಲ್ಲವೇ?"

"ಹೊಡೆಯುತ್ತಾರೆ. ಆಮೇಲೆ ಐದನೆಯದನ್ನು ಬಿಚ್ಚುತ್ತಾರೆ."

"ನಾನು ಎಣಿಸುವವನಲ್ಲ. ಎಷ್ಟು ಹೊರಿಸಿದರೂ ಓಡುತ್ತೇನೆ," ಎಂದು ಕುದುರೆ ಕತ್ತು ಕೊಂಕಿಸಿತು.

ಹೇಸರಗತ್ತೆ ಬಿಸಿಲಿಗೆ ಕಣ್ಣು ಮುಚ್ಚಿ ಹುಲ್ಲಿನಲ್ಲಿ ಹೊರಳಿತು. ಕುದುರೆ ಅದನ್ನೇ ನೋಡುತ್ತ ನಿಂತಿತು.

ಅಷ್ಟರಲ್ಲಿ ಮ್ಯಾನೇಜರ್ ಬಂದು ಜೀನಿನ ಮೇಲೆ ಕೂತ. ಅವನ ಹಿಂದೆ ಬಂದೂಕು ಹಿಡಿದ ಕಾವಲುಗಾರನೊಬ್ಬನೂ ಹತ್ತಿದ. ಚಾಟಿ ಬಿತ್ತು. ಕುದುರೆ ಕಿವಿ ನಿಮಿರಿಸಿ, ಜೀವಮಾನದಲ್ಲಿ ಮೊದಲ ಸಲ ಎಣಿಸಿತು: ಒಬ್ಬ, ಇಬ್ಬರು.

ಎರಡನೆಯ ಪೆಟ್ಟಿಗೂ ಅದು ಕಾಲೆತ್ತಲಿಲ್ಲ.