ತವರ ತಾಮ್ರವನ್ನು ತಬ್ಬಿಕೊಂಡಿದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಎದ್ದು ನಿಲ್ಲಲು ಕಲಿತಿದ್ದವು. ಗಾಳಿ, ಬೆಂಕಿ, ತಾಮ್ರ, ತವರ ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು.

ಆಗ ಸಂಕವ್ವ ಎಂಬಾಕೆ ಇದ್ದಳು. ಲೋಕದ ಮೊಟ್ಟಮೊದಲ ತಾಮ್ರದ ಪಾತ್ರೆ ಅವಳದೇ. ಒಂದು ದಿನ ಅದರಲ್ಲಿ ಹುಣಸೆಹುಳಿ ಹಿಂಡಿ ಸಾರು ಕುದಿಸಿದಳು. ಎಂಥಾ ಘಮಘಮ! ಆದರೆ ಸಾರು ಕುಡಿದ ಮಗಳು ಹೂವಿ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದಳು. ಸಂಕವ್ವ ಬಗ್ಗಿ ನೋಡಿದರೆ, ಪಾತ್ರೆಯೊಳಗೆಲ್ಲ ಹಸಿರು ಕಿಲುಬು.

"ಬೇಕೂಂತ ಮಾಡಲಿಲ್ಲ ಅವ್ವಾ," ತಾಮ್ರ ಬಿಕ್ಕಿತು. "ಹುಳಿ ತಾಕಿದರೆ ನನ್ನ ಮೈ ಕರಗಿ ಸಾರಿಗೆ ಸೇರುತ್ತೆ."

ಮೂಲೆಯಲ್ಲಿದ್ದ ತವರ ಎದ್ದು ಬಂತು. "ನಾನು ಒಳಗೆ ಹಾಸಿಕೊಂಡು ಮಲಗ್ತೀನಿ. ಆಗ ಹುಳಿ ತಾಮ್ರವನ್ನು ಮುಟ್ಟೋದೇ ಇಲ್ಲ."

ಸಂಕವ್ವ ಪಾತ್ರೆಯನ್ನು ಬೆಂಕಿಗಿಟ್ಟಳು. ತವರ ಕರಗಿತು, ಹರಡಲು ನೋಡಿತು, ಮಣಿಮಣಿಯಾಗಿ ಉರುಳಿತು. ಮತ್ತೆ ನೋಡಿತು, ಮತ್ತೆ ಮಣಿಮಣಿಯಾಗಿ ಉರುಳಿತು.

"ನಮ್ಮಿಬ್ಬರ ನಡುವೆ ಯಾರೋ ಇದ್ದಾರೆ ಅವ್ವಾ!" ತವರ ಕೂಗಿತು.

ಗಾಳಿ ತಲೆ ತಗ್ಗಿಸಿತು. "ನಾನೇ. ಬಿಸಿ ಲೋಹ ಕಂಡರೆ ಮುಟ್ಟದೆ ಇರೋಕಾಗಲ್ಲ. ಮುಟ್ಟಿದ ಕಡೆಯೆಲ್ಲ ತೆಳ್ಳನೆಯ ಹೊದಿಕೆ ಬೀಳುತ್ತೆ. ತೆಗೆಯೋಕೆ ನನಗೆ ಬರಲ್ಲ."

ಸಂಕವ್ವ ಮರಳು ಹಾಕಿ ಗಸಗಸ ತಿಕ್ಕಿದಳು. ತವರ ಬರುವಷ್ಟರಲ್ಲಿ ಗಾಳಿ ಮತ್ತೆ ಮುಟ್ಟಿಬಿಟ್ಟಿತ್ತು! ಅವಳು ಹಣೆ ಹಿಡಿದು ಕುಳಿತಳು.

ಆಗ ಒಲೆಯ ಪಕ್ಕದಿಂದ ಸಣ್ಣ ದನಿ ಬಂತು. ಸೆಗಣಿ ಬೆರಣಿಯ ಹೊಗೆಯಲ್ಲಿ ಹುಟ್ಟಿದ ಬಿಳಿ ಉಪ್ಪು, ನವಸಾಗರ.

"ನನ್ನನ್ನು ಒಂದು ಚಿಟಿಕೆ ಹಾಕವ್ವಾ. ಆ ಹೊದಿಕೆಯನ್ನು ನಾನು ಬಿಡಿಸ್ತೀನಿ."

"ನಿನಗೇನೂ ಆಗಲ್ಲವಾ?"

"ಹೊಗೆಯಾಗಿ ಹೋಗ್ತೀನಿ."

ಸಂಕವ್ವನ ಕೈ ಮುಂದೆ ಹೋಗಲಿಲ್ಲ, ಕಣ್ಣು ತುಂಬಿ ಬಂತು.

"ಅಯ್ಯೋ, ಅಳಬೇಡ," ನವಸಾಗರ ನಕ್ಕಿತು. "ಹಾರೋದು ಅಂದರೆ ನನಗೆ ಇಷ್ಟ. ಬೇಗ ಹಾಕು, ಹೂವಿಗೆ ಹಸಿವಾಗಿದೆ!"

ಅವಳು ಕಣ್ಣು ಮುಚ್ಚಿ ಚಿಟಿಕೆ ಉದುರಿಸಿ, ಅರಳೆಯಿಂದ ಉಜ್ಜಿದಳು. ಗುಪ್ಪೆಂದು ಬಿಳಿ ಹೊಗೆ ಎದ್ದಿತು. ಕಣ್ಣು ಬಿಟ್ಟರೆ, ತವರ ಓಡೋಡಿ ಹೋಗಿ ತಾಮ್ರವನ್ನು ತಬ್ಬಿಕೊಂಡು ಅಂಚಿನವರೆಗೂ ಹರಡಿತ್ತು. ಪಾತ್ರೆಯೊಳಗೆ ಬೆಳದಿಂಗಳು ಸುರಿದಂತೆ ಹೊಳಪು!

ಅಂದು ಹೂವಿ ಎರಡು ಬಟ್ಟಲು ಸಾರು ಕುಡಿದಳು. ಮೂರನೆಯದನ್ನೂ ಕೇಳಿದಳು.

ಅದಕ್ಕೇ ಮಗು, ಇಂದಿಗೂ ಕಲಾಯಿ ಹಾಕುವವರು ಕಾದ ಪಾತ್ರೆಗೆ ನವಸಾಗರ ಉದುರಿಸಿದರೆ ಮೊದಲು ಬಿಳಿ ಹೊಗೆ ಕುಣಿಯುತ್ತಾ ಮೇಲೇಳುತ್ತದೆ, ಆಮೇಲೆಯೇ ತವರ ಮಣಿಯಾಗಿ ಉರುಳುವುದನ್ನು ಬಿಟ್ಟು ಫಳಫಳನೆ ಹರಡಿಕೊಳ್ಳುತ್ತದೆ.