ಬೆಳಕಿನ ಅಕ್ಕತಂಗಿಯರು ಕೂಡುವ ಚುಕ್ಕೆ

ಈ ಕತೆಯನ್ನು ಮೊದಲು ಹೇಳಿದವರು ನಮ್ಮ ಬೀದಿಯ ಕನ್ನಡಕದಂಗಡಿಯ ಸರ್ವಮಂಗಳತ್ತೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೇಳುತ್ತಿದ್ದರು; ಅಂದರೆ ಹೆಚ್ಚುಕಮ್ಮಿ ದಿನಾ.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೇ ಗೊತ್ತಾಗಿರಲಿಲ್ಲ. ಆಗ ಸೂರ್ಯಪ್ಪನಿಗೆ ಲೆಕ್ಕವಿಲ್ಲದಷ್ಟು ಹೆಣ್ಣುಮಕ್ಕಳು, ಎಲ್ಲರೂ ಕಿರಣಗಳು. ತಾಯಿಯಿಲ್ಲದ ಮನೆ. ಮಗಳು ಹೊರಟಾಗ ಅಪ್ಪನೇ ಮಡಿಲು ತುಂಬುತ್ತಿದ್ದ, ಅಕ್ಕಿಯ ಬದಲು ಒಂದು ಚಿಟಿಕೆ ಬಿಸುಪು ಹಾಕಿ.

“ನೆಟ್ಟಗೆ ಹೋಗಿ. ನಿಲ್ಲಬೇಡಿ. ತಿರುಗಬೇಡಿ,” ಎನ್ನುತ್ತಿದ್ದ.

ಎಲ್ಲರಿಗಿಂತ ಕಿರಿಯವಳು ಮಿಣುಕಿ. ಅವಳಿಗಿದ್ದದ್ದು ಒಂದೇ ಆಸೆ: ಹಿರಿಯಕ್ಕನ ಕೈ ಒಮ್ಮೆ ಹಿಡಿಯಬೇಕು. ಸಾಲಿನ ನಡುವೆ ಅಕ್ಕ, ಮೇಲಂಚಿನಲ್ಲಿ ಮಿಣುಕಿ. ಎಷ್ಟು ದೂರ ನಡೆದರೂ ಕೈ ಎಟುಕದಷ್ಟೇ ಅಂತರ. ನೆಲ ಮುಟ್ಟಿದರೆ ಪ್ರಯಾಣ ಮುಗಿಯಿತು. ಆಮೇಲೆ ಅಕ್ಕನೆಲ್ಲಿ, ತಾನೆಲ್ಲಿ!

“ಅಕ್ಕಾ, ಒಂಚೂರು ಈ ಕಡೆ ಬಾರೇ.”

“ಅಪ್ಪ ಏನು ಹೇಳಿದಾನೆ?”

“ತಿರುಗಬೇಡಿ ಅಂದಿದಾನೆ. ವಾಲಬೇಡಿ ಅಂದಿಲ್ಲವಲ್ಲ!”

“ಬಾಯಿ ಮುಚ್ಕೊಂಡು ನಡಿಯೇ.” ಗದರಿದ ಅಕ್ಕನೂ ಓರೆಗಣ್ಣಿನಲ್ಲಿ ತಂಗಿಯ ಕಡೆ ನೋಡಿದಳು.

ನೆಲ ಹತ್ತಿರವಾಯಿತು. ಅಲ್ಲಿ ಗರಿಕೆಯ ತುದಿಗೆ ಒಂದು ಇಬ್ಬನಿ ಜೋತುಬಿದ್ದಿತ್ತು. “ಏನು ಹೊಟ್ಟೆಯೇ ನಿಂದು! ನನ್ನ ಕತ್ತು ಉಳುಕಿತು,” ಎಂದು ಗರಿಕೆ ಗೊಣಗುತ್ತಿತ್ತು.

“ಹನಿಯಮ್ಮಾ, ನಮ್ಮಕ್ಕನ ಹತ್ತಿರ ಹೋಗಬೇಕು. ತಿರುಗೋ ಹಾಗಿಲ್ಲ,” ಎಂದಳು ಮಿಣುಕಿ.

ಹನಿ ಮೆಲ್ಲಗೆ ತೂಗಿತು. “ನೀವ್ಯಾಕೆ ತಿರುಗ್ತೀರಿ? ಈ ಹೊಟ್ಟೆಯೊಳಗೆ ಹಾದುಹೋಗಿ, ನಾನೇ ತಿರುಗಿಸ್ತೀನಿ. ಅಪ್ಪ ಕೇಳಿದರೆ ನನ್ನ ಹೆಸರು ಹೇಳಿ. ಬೈಸಿಕೊಳ್ಳೋಕೆ ಮಧ್ಯಾಹ್ನದ ಹೊತ್ತಿಗೆ ನಾನಂತೂ ಇರಲ್ಲ.”

ಕಿರಣಗಳು ಹನಿಯೊಳಗೆ ಇಳಿದವು. ಒಳಗೆಲ್ಲ ತಣ್ಣಗೆ, ಸದ್ದಿಲ್ಲದೆ, ನಿದ್ದೆಯೊಳಗೆ ನಡೆದ ಹಾಗೆ.

ನಟ್ಟನಡುವೆ ಹೊಕ್ಕ ಅಕ್ಕ ಒಂದಿಷ್ಟೂ ಬಾಗಲಿಲ್ಲ, ಹಿರಿಮಗಳಲ್ಲವೇ. ಅಂಚಿಗೆ ಹೋದಂತೆಲ್ಲ ತಂಗಿಯರು ಹೆಚ್ಚು ಹೆಚ್ಚು ಬಾಗಿದರು. ಎಲ್ಲರಿಗಿಂತ ಹೆಚ್ಚು ಬಾಗಿದವಳು ಮಿಣುಕಿ. ಹನಿಯ ಬೆನ್ನ ಹಿಂದೆ, ಎಳ್ಳುಕಾಳಿಗಿಂತ ಚಿಕ್ಕ ಜಾಗದಲ್ಲಿ, ಎಲ್ಲರೂ ಬಂದು ಸೇರಿದರು. ಮಿಣುಕಿಗೆ ಅಕ್ಕನ ಕೈ ಸಿಕ್ಕಿತು.

“ನಿನ್ನ ಕೈ ಇಷ್ಟು ಬಿಸಿಯಾ ಅಕ್ಕಾ?”

“ನಂದೊಬ್ಬಳದಲ್ಲ ಕಣೇ. ಎಲ್ಲರ ಮಡಿಲಿನ ಬಿಸುಪೂ ಒಟ್ಟಿಗಿದೆ.”

ನಿಲ್ಲುವ ಹಾಗಿರಲಿಲ್ಲವಲ್ಲ. ಹಿಡಿದ ಕೈ ಬಿಟ್ಟು, ಒಬ್ಬರ ದಾರಿಯನ್ನೊಬ್ಬರು ದಾಟಿ ಹೊರಟರು. ಮೇಲಿನಿಂದ ಬಂದ ಮಿಣುಕಿ ಕೆಳಗೆ ಹೋದಳು, ಕೆಳಗಿನಿಂದ ಬಂದವರು ಮೇಲೆ ಹೋದರು. ಈ ಸಲ ಮಿಣುಕಿ ಅಕ್ಕನನ್ನು ಕರೆಯಲಿಲ್ಲ. ಅಂಗೈ ಇನ್ನೂ ಬಿಸಿಯಾಗಿತ್ತು.

ಕೊನೆಗೆ ಅತ್ತೆ ನನಗೆ ಹೇಳುತ್ತಿದ್ದರು: ಅದಕ್ಕೇ ಕಂದಾ, ಇವತ್ತಿಗೂ ಹನಿಯೊಳಗೆ ಇಣುಕಿದರೆ ಮರ, ಮನೆ, ಆಕಾಶ ಎಲ್ಲ ತಲೆಕೆಳಗು. ಅದರ ಬೆನ್ನಿಗೆ ಹೊಳೆಯುವ ಚುಕ್ಕೆ ಇದೆಯಲ್ಲ, ಅಕ್ಕತಂಗಿಯರು ಕೈ ಹಿಡಿಯುವುದು ಅಲ್ಲೇ. ಇದನ್ನು ನಿನ್ನ ತಂಗಿಗೂ ಹೇಳು. ಬೆರಳು ಅಡ್ಡ ಇಡಬೇಡ ಅನ್ನು. ಅವರಿಗೆ ಸಿಗುವುದು ಅಷ್ಟೇ ಹೊತ್ತು.